ದಿನವೂ ರೊಟ್ಟಿ, ಬೇಳೆ ಉಂಡರೂ ರಕ್ತ ಏಕೆ ಕಡಿಮೆ?

ಕಲಬುರಗಿಯಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ, ತೊಗರಿಬೇಳೆ ಉಣ್ಣುವ ಹೆಣ್ಣುಮಕ್ಕಳಿಗೂ ರಕ್ತಹೀನತೆ ಏಕೆ ಬರುತ್ತದೆ ಎಂದು ಕೇಳಿದ್ದೀರಿ. ಊಟದಲ್ಲಿ ಕಬ್ಬಿಣಾಂಶವೇ ಇಲ್ಲವೆಂದಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಇದೆ. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ಸಹಜ ರಾಸಾಯನಿಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ದೇಹಕ್ಕೆ ದಕ್ಕುವುದು ಸ್ವಲ್ಪವೇ. ಅದರ ಮೇಲೆ ಚಹಾ! ನಮ್ಮ ಮನೆಯಲ್ಲಿ ಅವ್ವ ಕೊನೆಯ ತುತ್ತು ನುಂಗುವ ಮೊದಲೇ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. ಚಹಾಕ್ಕೆ ಒಗರು ರುಚಿ ಕೊಡುವ ಟ್ಯಾನಿನ್ ಉಳಿದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ ಎಂದು ಅವ್ವನನ್ನು ಒಪ್ಪಿಸಲು ನನಗೆ ತಿಂಗಳುಗಳೇ ಹಿಡಿದವು.

ಬೇಳೆಗೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಆದರೆ ತಟ್ಟೆಗೆ ಬಡಿಸಿದ ಮೇಲೆ. ಅದರ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಕುದಿಸಿದರೆ ಆ ಜೀವಸತ್ವ ಸಾಕಷ್ಟು ಹಾಳಾಗುತ್ತದೆ. ಹೆಸರುಕಾಳು, ಮಡಕಿಕಾಳುಗಳನ್ನು ಮೊಳಕೆ ಬರಿಸಿ ತಿಂದರೆ ಫೈಟೇಟ್ ತಗ್ಗುತ್ತದೆ.

ದಣಿವು, ಏದುಸಿರು ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ (100 ಮಿ.ಲೀ.) 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕೆಳಗಿದ್ದರೆ ಊಟವೊಂದನ್ನೇ ನಂಬಿ ಕೂರಬೇಡಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ದಯವಿಟ್ಟು ನಡುವೆ ಬಿಡದೆ ನುಂಗಿ, ಅದೂ ಚಹಾದ ಜೊತೆಗಲ್ಲ.