ಕನ್ನಡಿಗೆ ಬೆನ್ನು ತಿರುಗಿಸಿದ ಮುಖ: ಕ್ಲೋದ್ ಕಾಹುನ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಛಾಯಾಗ್ರಹಣದ ತರಗತಿಯಲ್ಲಿ ಕ್ಲೋದ್ ಕಾಹುನ್ ಎಂಬ ಫ್ರೆಂಚ್ ಕಲಾವಿದರ ಫೋಟೊ ಒಂದನ್ನು ತೋರಿಸಿದರು. ತೀರ ಗಿಡ್ಡಕ್ಕೆ ಕತ್ತರಿಸಿದ ಕೂದಲು, ಚೌಕಳಿ ಕೋಟು, ಪಕ್ಕದಲ್ಲಿ ಕನ್ನಡಿ. ಇವರು ಗಂಡೋ ಹೆಣ್ಣೋ ಎಂಬುದೇ ದೊಡ್ಡ ಚರ್ಚೆಯಾಯಿತು. ನಾನು ಇವರ ಬಗ್ಗೆ ಪ್ರಬಂಧ ಬರೆಯಬೇಕಿದೆ. ಕನ್ನಡದಲ್ಲಿ ‘ಅವನು’ ಎನ್ನಲೇ, ‘ಅವಳು’ ಎನ್ನಲೇ?
– ಕಲಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ನೀವು ನೋಡಿರುವುದು 1928ರ ಸುಮಾರಿಗೆ ತೆಗೆದ ಫೋಟೊ. ಬರೆಯಲು ಕೂರುವ ಮುನ್ನ ಅದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕನ್ನಡಿಯ ಪಕ್ಕ ಹೆಣ್ಣನ್ನು ನಿಲ್ಲಿಸಿದ ಚಿತ್ರಗಳಲ್ಲಿ ಅವಳು ಕನ್ನಡಿಯನ್ನು ನೋಡಿಕೊಳ್ಳುವುದು, ನಾವು ಅವಳನ್ನು ನೋಡುವುದು ವಾಡಿಕೆ. ಇಲ್ಲಿ ಕಾಹುನ್ ಕನ್ನಡಿಯಿಂದ ಮುಖ ತಿರುಗಿಸಿ ನೇರವಾಗಿ ನಮ್ಮನ್ನು ದಿಟ್ಟಿಸುತ್ತಾರೆ. ಕೋಟಿನ ಕಾಲರನ್ನು ಕೈಯಿಂದ ಬಿಗಿಯಾಗಿ ಹಿಡಿದಿದ್ದಾರೆ. ಕನ್ನಡಿಯೊಳಗಿನ ಮುಖ ಇನ್ನೆತ್ತಲೋ ನೋಡುತ್ತಿದೆ, ಅದರ ಕತ್ತು ಮಾತ್ರ ತೆರೆದುಕೊಂಡಿದೆ. ಒಂದೇ ದೇಹದ ಎರಡು ಮುಖಗಳು ಒಂದನ್ನೊಂದು ನೋಡುತ್ತಿಲ್ಲ. ನಿಮ್ಮ ತರಗತಿಯಲ್ಲಿ ಎದ್ದ ಪ್ರಶ್ನೆಯನ್ನು ಆ ಫೋಟೊವೇ ಬೇಕೆಂದು ಎಬ್ಬಿಸುತ್ತದೆ, ಮತ್ತು ಉತ್ತರ ಕೊಡದೆ ನಮ್ಮನ್ನು ಅಲ್ಲೇ ನಿಲ್ಲಿಸುತ್ತದೆ.

ಅವರು ಹುಟ್ಟಿದ್ದು 1894ರ ಅಕ್ಟೋಬರ್ 25ರಂದು, ಫ್ರಾನ್ಸಿನ ನಾಂತ್ ನಗರದಲ್ಲಿ. ತಂದೆತಾಯಿ ಇಟ್ಟ ಹೆಸರು ಲೂಸಿ ಶ್ವೋಬ್. ತಂದೆ ಪತ್ರಿಕೆಯೊಂದರ ಒಡೆಯರು, ಚಿಕ್ಕಪ್ಪ ಮಾರ್ಸೆಲ್ ಶ್ವೋಬ್ ಹೆಸರಾಂತ ಲೇಖಕರು. ತಾಯಿಯ ಮಾನಸಿಕ ಕಾಯಿಲೆಯಿಂದಾಗಿ ಮಗು ಬಹುಮಟ್ಟಿಗೆ ಕಣ್ಣು ಕಾಣದ ಅಜ್ಜಿಯ ಆಸರೆಯಲ್ಲಿ ಬೆಳೆಯಿತು. ತಂದೆಯ ಕಡೆಯವರು ಯಹೂದಿಗಳು. ಯಹೂದಿ ಸೇನಾಧಿಕಾರಿಯೊಬ್ಬರ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಡ್ರೇಫಸ್ ಪ್ರಕರಣ ಫ್ರಾನ್ಸಿನಲ್ಲಿ ಎಬ್ಬಿಸಿದ ಯಹೂದಿ ದ್ವೇಷ ಶಾಲೆಯ ಅಂಗಳದವರೆಗೂ ಬಂದಾಗ, ಮಗುವನ್ನು ಕೆಲಕಾಲ ಇಂಗ್ಲೆಂಡಿನ ಶಾಲೆಗೆ ಕಳುಹಿಸಬೇಕಾಯಿತು. 1917ರ ಹೊತ್ತಿಗೆ ಲೂಸಿ ‘ಕ್ಲೋದ್ ಕಾಹುನ್’ ಆದರು. ಕ್ಲೋದ್ ಎಂಬುದು ಫ್ರೆಂಚಿನಲ್ಲಿ ಗಂಡಿಗೂ ಹೆಣ್ಣಿಗೂ ಇಡುವ ಹೆಸರು. ಕಾಹುನ್ ಎಂಬುದು ಅದೇ ಅಜ್ಜಿಯ ತವರಿನ ಮನೆತನದ ಹೆಸರು, ಕೇಳಿದ ಕೂಡಲೇ ಯಹೂದಿ ಎಂದು ಗೊತ್ತಾಗುವಂಥದ್ದು. ಯಾವುದಕ್ಕಾಗಿ ಶಾಲೆಯಲ್ಲಿ ಹಿಂಸೆ ಅನುಭವಿಸಿದ್ದರೋ ಅದನ್ನೇ ಹೆಸರಾಗಿ ಆರಿಸಿಕೊಂಡರು.

ಈಗ ನಿಮ್ಮ ವ್ಯಾಕರಣದ ಪ್ರಶ್ನೆ. ಕಾಹುನ್ ತಮ್ಮ ‘ಅವೊ ನೊನ್ ಅವ್‌ನ್ಯೂ’ ಪುಸ್ತಕದಲ್ಲಿ ಇದನ್ನೇ ಬರೆದಿದ್ದಾರೆ: ಪುಲ್ಲಿಂಗವೋ ಸ್ತ್ರೀಲಿಂಗವೋ ಎಂಬುದು ಸಂದರ್ಭಕ್ಕೆ ಬಿಟ್ಟದ್ದು, ಎಲ್ಲ ಕಾಲಕ್ಕೂ ತನಗೆ ಒಪ್ಪುವುದು ಎರಡೂ ಅಲ್ಲದ ಲಿಂಗ ಒಂದೇ, ಅದು ನಮ್ಮ ಭಾಷೆಯಲ್ಲಿ ಇದ್ದಿದ್ದರೆ ನನ್ನ ಯೋಚನೆಯಲ್ಲಿ ಈ ಹೊಯ್ದಾಟ ಕಾಣುತ್ತಿರಲಿಲ್ಲ ಎಂದು. ಫ್ರೆಂಚಿನಲ್ಲಿ ವಿಶೇಷಣಕ್ಕೂ ಲಿಂಗ ಹತ್ತಿಕೊಳ್ಳುವುದರಿಂದ ‘ನನಗೆ ಸಂತೋಷವಾಗಿದೆ’ ಎಂಬಷ್ಟನ್ನು ಬರೆಯಬೇಕಾದರೂ ತಾನು ಗಂಡೋ ಹೆಣ್ಣೋ ಎಂದು ಹೇಳಿಬಿಡಬೇಕಾಗುತ್ತದೆ. ಇದನ್ನು ಅನುವಾದಿಸುವಾಗ ‘ನಪುಂಸಕ’ ಎಂಬ ಪದವನ್ನು ದಯವಿಟ್ಟು ಬಳಸಬೇಡಿ. ಕನ್ನಡದಲ್ಲಿ ಅದು ಬರಿಯ ವ್ಯಾಕರಣದ ಮಾತಾಗಿ ಉಳಿದಿಲ್ಲ, ಬೈಗುಳವಾಗಿದೆ. ನಮ್ಮ ‘ಅವರು’ ಗೌರವವನ್ನಷ್ಟೇ ಹೇಳುತ್ತದೆ, ಲಿಂಗವನ್ನು ಹೇಳುವುದಿಲ್ಲ. ಕಾಹುನ್ ಹುಡುಕುತ್ತಿದ್ದ ಅನುಕೂಲ ಕನ್ನಡಕ್ಕೆ ಮೊದಲಿನಿಂದಲೂ ಇದೆ. ಧಾರಾಳವಾಗಿ ‘ಅವರು’ ಎಂದು ಬರೆಯಿರಿ. ಹಾಗೆಂದು ಇಂದಿನ ಹೊಸ ಗುರುತಿನ ಪದಗಳಲ್ಲಿ ಒಂದನ್ನು ತಂದು ಅವರಿಗೆ ಅಂಟಿಸುವ ಅವಸರವೂ ಬೇಡ. ಅವರೇ ಬರೆದಿಟ್ಟ ಮಾತು ನಮ್ಮೆದುರಿಗಿದೆ, ಅದು ಸಾಕು.

ಪ್ರಶ್ನೆ: ಕಾಹುನ್ ಅವರನ್ನು ‘ಸೆಲ್ಫಿಯ ಪೂರ್ವಜ’ ಎಂದು ಕರೆದದ್ದನ್ನು ಓದಿದೆ. ಈ ಮಾತು ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸರಿಯಲ್ಲ, ಎರಡು ಕಾರಣಕ್ಕೆ. ಮೊದಲನೆಯದು, ಇವುಗಳಲ್ಲಿ ಹೆಚ್ಚಿನವು ಯಾರಿಗೂ ತೋರಿಸಲೆಂದು ತೆಗೆದವಲ್ಲ. ಅವರು ಬದುಕಿದ್ದಾಗ ಅಚ್ಚಾದ ಫೋಟೊಗಳು ಬೆರಳೆಣಿಕೆಯಷ್ಟು. ಬೋಳು ತಲೆಯನ್ನು ಎಳೆದು ಉದ್ದ ಮಾಡಿದಂತೆ ಕಾಣುವ ಒಂದು ಚಿತ್ರ 1930ರಲ್ಲಿ ‘ಬಿಫ್ಯೂರ್’ ಪತ್ರಿಕೆಯಲ್ಲಿ ಬಂತು, 1937ರಲ್ಲಿ ಲೀಸ್ ದೆಆರ್ಮ್ ಅವರ ಮಕ್ಕಳ ಕವಿತೆಗಳ ಪುಸ್ತಕಕ್ಕೆ ಗೊಂಬೆ, ಎಲೆ, ಗರಿಗಳನ್ನು ಜೋಡಿಸಿ ತೆಗೆದ ಇಪ್ಪತ್ತು ಫೋಟೊಗಳು ಬಂದವು. ಇಂದು ಲೋಕಪ್ರಸಿದ್ಧವಾಗಿರುವ ಸ್ವಚಿತ್ರಗಳು ಮನೆಯ ಪೆಟ್ಟಿಗೆಯಲ್ಲೇ ಉಳಿದವು.

ಎರಡನೆಯ ಕಾರಣ ಇನ್ನೂ ಮುಖ್ಯ: ಕ್ಯಾಮೆರಾದ ಹಿಂದೆ ಬಹುತೇಕ ಸಂದರ್ಭಗಳಲ್ಲಿ ಇನ್ನೊಬ್ಬರು ಇದ್ದರು. ಅವರು ಸುಝಾನ್ ಮಾಲೆರ್ಬ್, ‘ಮಾರ್ಸೆಲ್ ಮೂರ್’ ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದ ಕಲಾವಿದೆ. 1909ರಲ್ಲಿ, ಇಬ್ಬರೂ ಹದಿಹರೆಯದಲ್ಲಿದ್ದಾಗ ಹತ್ತಿರವಾದವರು ಕೊನೆಯವರೆಗೂ ಸಂಗಾತಿಗಳಾಗಿ ಬಾಳಿದರು. 1917ರಲ್ಲಿ ಕಾಹುನ್ ಅವರ ತಂದೆ ಮೂರ್ ಅವರ ವಿಧವೆ ತಾಯಿಯನ್ನು ಮದುವೆಯಾದ್ದರಿಂದ ಲೋಕದ ಲೆಕ್ಕದಲ್ಲಿ ಅವರು ಮಲ ಅಕ್ಕತಂಗಿಯರೂ ಆದರು, ಆ ನಂಟು ಅವರಿಗೆ ಒಂದು ಮರೆಯೂ ಆಯಿತು. ನೀವು ಮೇಲೆ ಓದಿದ ಕನ್ನಡಿಯ ಫೋಟೊಕ್ಕೆ ಒಂದು ಜೋಡಿ ಫೋಟೊ ಇದೆ. ಅದರಲ್ಲಿ ಅದೇ ಬಗೆಯಲ್ಲಿ ಕನ್ನಡಿಯ ಪಕ್ಕ ನಿಂತವರು ಮೂರ್. ಒಬ್ಬರು ನಿಂತರು, ಇನ್ನೊಬ್ಬರು ತೆಗೆದರು, ಬಳಿಕ ಜಾಗ ಬದಲಾಯಿತು. ಹೀಗಿರುವಾಗ ‘ತನ್ನನ್ನೇ ತಾನು ನೋಡಿಕೊಂಡ ಒಂಟಿ ಕಲಾವಿದೆ’ ಎಂಬ ಚಿತ್ರಣ ಮೂರ್ ಅವರಿಗೆ ಮಾಡುವ ಅನ್ಯಾಯ. ಈ ಅನ್ಯಾಯ ಇಂದಿಗೂ ಅನೇಕ ಬರಹಗಳಲ್ಲಿ ಮುಂದುವರಿದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಪ್ರಶ್ನೆ: ಸರ್ರಿಯಲಿಸಂ ಚಳವಳಿಯಲ್ಲಿ ಅವರ ಸ್ಥಾನವೇನು? ದಾಲಿಯಂಥವರ ಹೆಸರು ನಮಗೆ ಗೊತ್ತು, ಇವರ ಹೆಸರು ಇಷ್ಟು ದಿನ ಕೇಳಿರಲಿಲ್ಲ.
– ನಿವೃತ್ತ ಚಿತ್ರಕಲಾ ಶಿಕ್ಷಕರು, ಶಿವಮೊಗ್ಗ

ಉತ್ತರ: ಕನಸು ಮತ್ತು ಸುಪ್ತ ಮನಸ್ಸನ್ನು ಕಲೆಗೆ ತಂದ ಆ ಚಳವಳಿಯ ಒಳಗಿದ್ದವರೇ ಅವರು. 1920ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿಗೆ ಬಂದು ನೆಲೆಸಿದರು, ಸಣ್ಣ ಪ್ರಯೋಗಶೀಲ ನಾಟಕ ತಂಡಗಳಲ್ಲಿ ಪಾತ್ರ ಮಾಡಿದರು. ‘ತರಬೇತಿಯಲ್ಲಿದ್ದೇನೆ, ಮುತ್ತಿಡಬೇಡಿ’ ಎಂದು ಎದೆಯ ಮೇಲೆ ಬರೆದುಕೊಂಡು, ಕೆನ್ನೆಗೆ ಹೃದಯದ ಗುರುತು ಬಿಡಿಸಿಕೊಂಡು, ತೊಡೆಯ ಮೇಲೆ ಕಸರತ್ತಿನ ಭಾರ ಇಟ್ಟುಕೊಂಡು ಕೂತ 1927ರ ಫೋಟೊದಲ್ಲಿ ಆ ರಂಗದ ನಂಟು ಕಾಣುತ್ತದೆ. 1930ರಲ್ಲಿ ‘ಅವೊ ನೊನ್ ಅವ್‌ನ್ಯೂ’ ಎಂಬ ಪುಸ್ತಕ ಬಂತು. ಹೇಳಿಕೊಂಡರೂ ಲೆಕ್ಕಕ್ಕೆ ಬಾರದ, ರದ್ದಾದ ಒಪ್ಪಿಗೆಗಳು ಎಂದು ಅದರ ಅರ್ಥ. ಕತ್ತರಿಸಿ ಅಂಟಿಸಿದ ಫೋಟೊಗಳಿಂದ ಮೂರ್ ಅವರೊಡನೆ ಮಾಡಿದ ಪುಟಗಳು ಅದರಲ್ಲಿವೆ. ಒಂದು ಪುಟದಲ್ಲಿ ಒಂದೇ ಕತ್ತಿನಿಂದ ಮುಖದ ಮೇಲೆ ಮುಖ ಮೂಡಿದೆ, ಸುತ್ತಲೂ ಈ ಮಾತು ಬರೆದಿದೆ: ಈ ಮುಖವಾಡದ ಕೆಳಗೆ ಇನ್ನೊಂದು ಮುಖವಾಡ, ಈ ಮುಖಗಳನ್ನೆಲ್ಲ ಕಳಚುವುದು ನನ್ನಿಂದ ಎಂದೂ ಮುಗಿಯದು.

1932ರ ಹೊತ್ತಿಗೆ ಚಳವಳಿಯ ಮುಂದಾಳು, ಕವಿ ಆಂದ್ರೆ ಬ್ರೆತಾನ್ ಅವರ ಪರಿಚಯವಾಯಿತು. 1934ರಲ್ಲಿ ಬರೆದ ಕಿರುಪುಸ್ತಕದಲ್ಲಿ, ಕಾವ್ಯವನ್ನು ಪಕ್ಷದ ಘೋಷಣೆಗೆ ಇಳಿಸಬಾರದು, ಓದುಗನನ್ನು ಪರೋಕ್ಷವಾಗಿ ಕದಲಿಸುವುದೇ ಅದರ ಬಲ ಎಂದು ವಾದಿಸಿದರು. ಈ ‘ಪರೋಕ್ಷ’ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಕ್ಕೆ ಬೇಕಾಗುತ್ತದೆ. 1935ರಲ್ಲಿ ಬ್ರೆತಾನ್ ಮತ್ತು ಲೇಖಕ ಜಾರ್ಜ್ ಬತಾಯ್ ಅವರೊಡನೆ ‘ಕೋಂತ್ರ್-ಅತಾಕ್’ ಎಂಬ ಫ್ಯಾಸಿಸ್ಟ್ ವಿರೋಧಿ ಗುಂಪಿನಲ್ಲಿದ್ದರು. ಆದರೂ ಹೆಸರು ಮರೆಯಾಯಿತು. ಹೆಣ್ಣನ್ನು ಕನಸಿನ ರೂಪದರ್ಶಿಯಾಗಿ ಕಂಡ ಚಳವಳಿಗೆ ತಲೆ ಬೋಳಿಸಿಕೊಂಡು ಎದುರು ನಿಂತು ದಿಟ್ಟಿಸುವವರನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸ್ವಾ ಲೆಪೆರ್ಲಿಯೆ 1992ರಲ್ಲಿ ಅವರ ಜೀವನ ಚರಿತ್ರೆ ಪ್ರಕಟಿಸಿದ ಮೇಲೆಯೇ ಅವರು ಕಲಾಲೋಕಕ್ಕೆ ಮರಳಿದ್ದು.

ಪ್ರಶ್ನೆ: ಇಬ್ಬರು ಕಲಾವಿದೆಯರು ಬರಿಯ ಕಾಗದದ ಚೂರುಗಳಿಂದ ಜರ್ಮನ್ ಸೇನೆಯನ್ನು ಎದುರಿಸಿದರು ಎನ್ನುತ್ತಾರೆ. ಇದು ನಿಜವೇ, ಉತ್ಪ್ರೇಕ್ಷೆಯೇ?
– ಓದುಗರು, ಮಂಗಳೂರು

ಉತ್ತರ: ನಿಜ. 1937ರಲ್ಲಿ ಇಬ್ಬರೂ ಪ್ಯಾರಿಸ್ ಬಿಟ್ಟು ಜೆರ್ಸಿ ದ್ವೀಪದ ಸೇಂಟ್ ಬ್ರೆಲೇಡ್ ಕೊಲ್ಲಿಯ ದಡದಲ್ಲಿ ಮನೆ ಮಾಡಿದರು. ಫ್ರಾನ್ಸಿನ ಕರಾವಳಿಗೆ ಹತ್ತಿರವಿದ್ದರೂ ಜೆರ್ಸಿ ಬ್ರಿಟಿಷ್ ದೊರೆತನಕ್ಕೆ ಸೇರಿದ್ದು. 1940ರ ಜುಲೈನಲ್ಲಿ ಜರ್ಮನ್ ಸೇನೆ ಅದನ್ನು ವಶಪಡಿಸಿಕೊಂಡಿತು. ಮನೆಯ ಪಕ್ಕದಲ್ಲೇ ಚರ್ಚು, ಅದರ ಸ್ಮಶಾನ. ಸತ್ತ ಜರ್ಮನ್ ಸೈನಿಕರನ್ನು ಅಲ್ಲಿಗೆ ತರತೊಡಗಿದರು.

ಮೂರ್ ಅವರಿಗೆ ಜರ್ಮನ್ ಬರುತ್ತಿತ್ತು. ನಿಷೇಧಿಸಿದ ರೇಡಿಯೊದಲ್ಲಿ ಬಿಬಿಸಿಯ ಸುದ್ದಿ ಕೇಳಿ, ಅದನ್ನು ಜರ್ಮನ್ನಿಗೆ ತಿರುಗಿಸಿ, ತೆಳು ಕಾಗದದ ಮೇಲೆ ಟೈಪು ಮಾಡುತ್ತಿದ್ದರು. ಅಷ್ಟೇ ಆಗಿದ್ದರೆ ಅದು ಸಾಮಾನ್ಯ ಕರಪತ್ರ. ಆದರೆ ಕಾಹುನ್ ಒಬ್ಬ ಪಾತ್ರವನ್ನು ಸೃಷ್ಟಿಸಿದರು. ಚೀಟಿಗಳ ಕೆಳಗಿನ ಸಹಿ ‘ಹೆಸರಿಲ್ಲದ ಸೈನಿಕ’ ಎಂದು. ಯುದ್ಧದಿಂದ ಬೇಸತ್ತ, ಮನೆಗೆ ಮರಳಲು ಹಂಬಲಿಸುವ ಜರ್ಮನ್ ಸಿಪಾಯಿಯೊಬ್ಬ ತನ್ನ ಜೊತೆಗಾರರ ಕಿವಿಯಲ್ಲಿ ಉಸುರಿದ ಹಾಗೆ ಅವುಗಳ ದನಿ. ಶತ್ರುವಿನ ಬೈಗುಳ ಓದಿದ ಸೈನಿಕ ಅದನ್ನು ಹರಿದೆಸೆಯುತ್ತಾನೆ. ತನ್ನದೇ ಬ್ಯಾರಕ್ಕಿನಲ್ಲಿ ಯಾರೋ ಹೀಗೆ ಬರೆಯುತ್ತಿದ್ದಾರೆ ಎಂದುಕೊಂಡವನಿಗೆ ಪಕ್ಕದವನ ಮೇಲೂ, ತನ್ನ ಮೇಲೂ ಅನುಮಾನ ಹುಟ್ಟುತ್ತದೆ. 1934ರಲ್ಲಿ ಅವರು ವಾದಿಸಿದ ಪರೋಕ್ಷದ ಬಲ ಇದೇ. ಇಪ್ಪತ್ತು ವರ್ಷ ಕ್ಯಾಮೆರಾದ ಮುಂದೆ ಮುಖವಾಡ ತೊಟ್ಟು ಕಲಿತ ವಿದ್ಯೆಯನ್ನು ಈಗ ಪ್ರಾಣ ಪಣಕ್ಕಿಟ್ಟು ಬಳಸಿದರು.

ಚೀಟಿಗಳನ್ನು ಸಿಗರೇಟಿನ ಪೊಟ್ಟಣದಲ್ಲಿ ತುರುಕಿ ಬಿಡುತ್ತಿದ್ದರು, ನಿಲ್ಲಿಸಿದ ವಾಹನಗಳೊಳಗೆ ಹಾಕುತ್ತಿದ್ದರು, ಸೈನಿಕರ ಕೋಟಿನ ಜೇಬಿಗೆ ಮೆಲ್ಲಗೆ ಇಳಿಸುತ್ತಿದ್ದರು. ಪಕ್ಕದ ಸ್ಮಶಾನದ ಸೈನಿಕರ ಗೋರಿಗಳ ಮೇಲೆ ‘ಇವರ ಪಾಲಿಗೆ ಯುದ್ಧ ಮುಗಿದಿದೆ’ ಎಂದು ಬರೆದ ಶಿಲುಬೆಗಳನ್ನೂ ಇಟ್ಟರು. ನಾಲ್ಕು ವರ್ಷ ಸಿಕ್ಕಿಬೀಳಲಿಲ್ಲ. ಕಾಯಿಲೆಯ ಕಾಹುನ್, ಐವತ್ತು ದಾಟಿದ ಮೂರ್. ಕೈಚೀಲ ಹಿಡಿದು ಬಸ್ಸಿನಲ್ಲಿ ಪೇಟೆಗೆ ಹೋಗಿಬರುವ ಇಂಥ ಇಬ್ಬರ ಕೆಲಸ ಇದಾಗಿರಬಹುದೆಂದು ಯಾರು ತಾನೆ ಊಹಿಸಿಯಾರು? ಇದರ ಹಿಂದೆ ದೊಡ್ಡ ಗುಂಪೇ ಇದೆ ಎಂದು ಜರ್ಮನ್ ಪೊಲೀಸರು ನಂಬಿದ್ದರು.

1944ರ ಜುಲೈ 25ರಂದು ಬಂಧನವಾಯಿತು. ಇಬ್ಬರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದರು. ಮನೆಯನ್ನು ಶೋಧಿಸಿದವರು ಅಲ್ಲಿದ್ದ ಕಲಾಕೃತಿಗಳಲ್ಲಿ ಎಷ್ಟನ್ನೋ ಹಾಳುಗೆಡವಿದರು. ನವೆಂಬರ್ 16ರಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕ್ಷಮಾದಾನ ಬೇಡಲು ಅವರು ಒಪ್ಪಲಿಲ್ಲ. ದ್ವೀಪದ ಅಧಿಕಾರಿಗಳ ಮನವಿಯ ಮೇಲೆ 1945ರ ಫೆಬ್ರವರಿಯಲ್ಲಿ ಶಿಕ್ಷೆ ಬದಲಾಯಿತು, ಮೇ ತಿಂಗಳಲ್ಲಿ ದ್ವೀಪದ ಬಿಡುಗಡೆಯೊಂದಿಗೆ ಅವರೂ ಹೊರಬಂದರು. ಆ ದಿನಗಳಲ್ಲಿ ತೆಗೆದ ಫೋಟೊ ಒಂದಿದೆ. ಸೆರೆಮನೆಯಿಂದ ಬಂದ ಕಾಹುನ್ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಾರೆ. ಮೊದಲ ನೋಟಕ್ಕೆ ಮನೆಗೆಲಸದ ನಡುವೆ ಹೊರಬಂದ ಗೃಹಿಣಿಯಂತೆ ಕಾಣುತ್ತಾರೆ. ಹತ್ತಿರ ಹೋಗಿ ನೋಡಿದರೆ ಹಲ್ಲುಗಳ ನಡುವೆ ನಾತ್ಸಿ ಹದ್ದಿನ ಲೋಹದ ಬಿಲ್ಲೆಯೊಂದನ್ನು ಕಚ್ಚಿ ಹಿಡಿದಿದ್ದಾರೆ. ನಿಮ್ಮ ಪ್ರಬಂಧಕ್ಕೆ ಒಂದೇ ಫೋಟೊ ಬೇಕೆಂದರೆ ಕನ್ನಡಿಯದಕ್ಕಿಂತ ಇದನ್ನೇ ಆರಿಸಿಕೊಳ್ಳಿ ಎಂದು ಮೈಸೂರಿನ ವಿದ್ಯಾರ್ಥಿನಿಗೆ ಹೇಳುತ್ತೇನೆ.

ಪ್ರಶ್ನೆ: ಇವರ ಕೃತಿಗಳನ್ನು ಎಲ್ಲಿ ನೋಡಬಹುದು? ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುವ ಯೋಚನೆಯಿದೆ.
– ಓದುಗರು, ಬೆಂಗಳೂರು

ಉತ್ತರ: ಅತಿ ದೊಡ್ಡ ಸಂಗ್ರಹ ಜೆರ್ಸಿ ಹೆರಿಟೇಜ್ ಸಂಸ್ಥೆಯದು; ಅದರ ಬಹಳಷ್ಟು ಚಿತ್ರಗಳು ಜಾಲತಾಣದಲ್ಲೂ ಇವೆ. ಮೂಲ ಪ್ರತಿಗಳು ಬಹುಪಾಲು ಅಂಗೈಯಗಲ ಮಾತ್ರ, ಕಣ್ಣಿನ ಹತ್ತಿರ ತಂದು ನೋಡಬೇಕಾದವು. ಪ್ಯಾರಿಸ್ಸಿಗೂ ಹೋಗುವುದಾದರೆ ಅವರು ವಾಸವಿದ್ದ ಬೀದಿಯ ಬಳಿ 2018ರಲ್ಲಿ ಇಬ್ಬರ ಹೆಸರನ್ನೂ ಕೂಡಿಸಿ ಇಟ್ಟ ದಾರಿಯಿದೆ. ಜೆರ್ಸಿಗೆ ಹೋದರೆ ಸೇಂಟ್ ಬ್ರೆಲೇಡ್ ಚರ್ಚಿನ ಸ್ಮಶಾನಕ್ಕೆ ಹೋಗಿಬನ್ನಿ. ಕಾಹುನ್ 1954ರ ಡಿಸೆಂಬರ್ 8ರಂದು, ಮೂರ್ 1972ರಲ್ಲಿ ತೀರಿಕೊಂಡರು. ಇಬ್ಬರಿಗೂ ಅಲ್ಲಿ ಒಂದೇ ಕಲ್ಲು. ಹುಡುಕುವಾಗ ಒಂದು ವಿಷಯ ಗಮನದಲ್ಲಿರಲಿ: ಕಲ್ಲಿನ ಮೇಲೆ ಕಾಹುನ್ ಎಂದಾಗಲಿ ಮೂರ್ ಎಂದಾಗಲಿ ಕಾಣಿಸುವುದಿಲ್ಲ, ಲೂಸಿ ಶ್ವೋಬ್ ಮತ್ತು ಸುಝಾನ್ ಮಾಲೆರ್ಬ್ ಎಂದಿದೆ.