ಪ್ರತಿಕ್ರಿಯೆ: ರಾಜ್ಯದ ಮಸೂದೆ ಬಗ್ಗೆ ಕೌಂಟಿಯ ನಿಲುವು ತೀರ್ಮಾನಿಸುವುದು ಯಾರು?

ಕ್ಯಾಲಿಫೋರ್ನಿಯಾದ ಒಂದು ಮಸೂದೆಯನ್ನು ನಿಮ್ಮ ಸಾಂತಾ ಕ್ಲಾರಾ ಕೌಂಟಿ (ಜಿಲ್ಲೆಯಂಥ ಸ್ಥಳೀಯ ಆಡಳಿತ) ವಿರೋಧಿಸಿದೆ, ಇದನ್ನು ಯಾರು ತೀರ್ಮಾನಿಸಿದರು, ನಾವೂ ಮಾತಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾತಾಡಬಹುದು.

ಕೌಂಟಿ ನಡೆಸುವುದು ಜನ ಆರಿಸಿದ 5 ಸೂಪರ್‌ವೈಸರ್‌ಗಳ ಮಂಡಳಿ. ಶಾಸನ ವಿಷಯಗಳಲ್ಲಿ ತನ್ನ ನಿಲುವೇನು ಅಂತ ಮಂಡಳಿ ಮೊದಲೇ ಒಪ್ಪಿರುತ್ತದೆ. ಅದಕ್ಕೆ ಹೊಂದುವ ಮಸೂದೆ ಬಂದರೆ ಸಾಮಾನ್ಯವಾಗಿ ಸಿಬ್ಬಂದಿಯೇ ಪತ್ರ ಕಳಿಸುತ್ತಾರೆ. ಹೊಸ ವಿಷಯವಾದರೆ ಮಂಡಳಿ ಮುಂದೆ ಬರುತ್ತದೆ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ಸ್ಥಳೀಯ ಆಡಳಿತದ ಸಭೆಗಳು ಜನರಿಗೆ ತೆರೆದಿರಬೇಕು ಅನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ ಹೇಳುವುದು ಅದನ್ನೇ.

ರಾಜ್ಯದ ರಾಜಧಾನಿ ಸಾಕ್ರಮೆಂಟೊದಲ್ಲಿ ಕೌಂಟಿಗಳ ಪರ ಲಾಬಿ ಮಾಡುವವರಿದ್ದಾರೆ. ರಾಜ್ಯದ 58 ಕೌಂಟಿಗಳಿಗೂ ಸೇರಿ ಒಂದು ಸಂಘವೂ ಇದೆ. ಕೌಂಟಿಗಳು ಇಷ್ಟು ತಲೆಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ. ಆರೋಗ್ಯ, ಜೈಲು, ಚುನಾವಣೆ, ಕಲ್ಯಾಣ ಯೋಜನೆ ಎಲ್ಲ ನಡೆಸುವುದು ಅವೇ. ರಾಜ್ಯ ಹೊಸ ಕೆಲಸ ಹೊರಿಸಿ ದುಡ್ಡು ಕೊಡದಿದ್ದರೆ ಪೆಟ್ಟು ಬೀಳುವುದು ಅವುಗಳಿಗೇ ಅಲ್ವಾ?

ನೀವು ಜಾಸ್ತಿ ಗಮನ ಇಡಬೇಕಾದ್ದು ಮಸೂದೆಗಳ ಖರ್ಚು ನೋಡುವ ಶಾಸಕಾಂಗದ ಅಪ್ರೋಪ್ರಿಯೇಷನ್ಸ್ ಸಮಿತಿಯ ಮೇಲೆ. ಖರ್ಚು ಜಾಸ್ತಿ ಇರುವ ಮಸೂದೆಗಳನ್ನು ಅಲ್ಲಿ 'ಸಸ್ಪೆನ್ಸ್ ಫೈಲ್'ಗೆ, ಅಂದರೆ ತಡೆಹಿಡಿದ ಮಸೂದೆಗಳ ಪಟ್ಟಿಗೆ ಹಾಕುತ್ತಾರೆ. ಆಮೇಲೆ ಒಂದೇ ದಿನ ನೂರಾರು ಮಸೂದೆಗಳ ಹಣೆಬರಹ ಬರೆದುಬಿಡುತ್ತಾರೆ. ಎಷ್ಟೋ ಒಳ್ಳೆಯ ಮಸೂದೆಗಳು ಚರ್ಚೆಯೇ ಇಲ್ಲದೆ ಅಲ್ಲೇ ಸಾಯುತ್ತವೆ, ನನಗೆ ಇದು ತುಂಬಾ ಬೇಸರದ ಸಂಗತಿ. ಹಾಗಾಗಿ ಅದಕ್ಕೂ ಮೊದಲೇ ನಿಮ್ಮ ಸೂಪರ್‌ವೈಸರ್‌ಗೆ ಬರೆಯಿರಿ. ಪತ್ರದಲ್ಲಿ ಮಸೂದೆಯ ನಂಬರ್ ಇರಲಿ.