ಹಾಲ್ ತುಂಬಿತು, ಡಬ್ಬಿ ತುಂಬಲಿಲ್ಲ

ಓದುಗರ ಪತ್ರ

ಮಾನ್ಯರೇ, ನಮ್ಮದು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸೇವಾ ಕ್ಲಬ್. ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಕೊಡಿಸಬೇಕೆಂದು ಕಳೆದ ಜೂನ್‌ನಲ್ಲಿ ಸಹಾಯಾರ್ಥ ಯಕ್ಷಗಾನ ಆಡಿಸಿದೆವು. 600 ಆಸನದ ಹಾಲ್ ಭರ್ತಿಯಾಗಿತ್ತು. 300 ರೂಪಾಯಿಯ 410 ಟಿಕೆಟ್ ಮಾರಿ 1,23,000 ಬಂತು. 64 ಪುಟದ ಸ್ಮರಣ ಸಂಚಿಕೆಯ ಜಾಹೀರಾತಿನಿಂದ 58,000 ಬಂತು, ಇನ್ನೂ 32,000 ಬಾಕಿ ಇದೆ. ಮೇಳಕ್ಕೆ 60,000, ಹಾಲ್, ಮೈಕ್, ಲೈಟಿಗೆ 30,000, ಸಂಚಿಕೆಯ 300 ಪ್ರತಿಗೆ 36,000, ಊಟಕ್ಕೆ 18,000, ಸನ್ಮಾನಕ್ಕೆ 8,000, ಬ್ಯಾನರ್ ಮತ್ತು ಆಮಂತ್ರಣಕ್ಕೆ 6,000 ಹೋಗಿ ಉಳಿದದ್ದು 23,000. ಮುಂದಿನ ಸಲ ರಸಮಂಜರಿ ಇಟ್ಟು ಲಕ್ಕಿ ಡಿಪ್ ಮಾಡೋಣ ಎನ್ನುತ್ತಾರೆ ಕೆಲವರು. ಟಿಕೆಟ್ ಮೇಲೆ ‘80ಜಿ ವಿನಾಯಿತಿ ಉಂಟು’ (ದಾನಿಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ) ಎಂದು ಹಾಕಿದರೆ ಹೆಚ್ಚು ಹೋದೀತೇ? ವಿದೇಶದಲ್ಲಿರುವ ನಮ್ಮ ಮಕ್ಕಳಿಂದ ಹಣ ತರಿಸಬಹುದೇ? ಸಂಚಿಕೆಯ ಪ್ರತಿ ಲಗತ್ತಿಸಿದ್ದೇನೆ.
– ಕಾರ್ಯದರ್ಶಿ

ಸಂಪಾದಕರ ಉತ್ತರ

ಕಾರ್ಯದರ್ಶಿಗಳೇ, ಖರ್ಚಿನ ಪಟ್ಟಿಯನ್ನೂ ಕಳಿಸಿದ್ದಕ್ಕೆ ವಂದನೆ. ಚೆಕ್ ಹಸ್ತಾಂತರದ ಫೋಟೊಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ. ಲೆಕ್ಕ ಬರುವುದು ಅಪರೂಪ.

ನಿಮ್ಮ ಲೆಕ್ಕವನ್ನು ಒಂದಾಗಿ ನೋಡಬೇಡಿ, ಎರಡು ಮಾಡಿ ನೋಡಿ. ಯಕ್ಷಗಾನದ್ದು ಒಂದು, ಸಂಚಿಕೆಯದ್ದು ಇನ್ನೊಂದು. ಯಕ್ಷಗಾನದ ಖರ್ಚು ಮೇಳ, ಹಾಲ್, ಊಟ, ಸನ್ಮಾನ, ಬ್ಯಾನರ್ ಸೇರಿ 1,22,000. ಟಿಕೆಟ್‌ನಿಂದ ಬಂದದ್ದು 1,23,000. ಅಂದರೆ ಇಡೀ ಊರು ಸೇರಿಸಿ ಆಡಿಸಿದ ಆಟದಿಂದ ಆಸ್ಪತ್ರೆಗೆ ದಕ್ಕಿದ್ದು 1,000 ರೂಪಾಯಿ. ಉಳಿದ 22,000 ಸಂಚಿಕೆಯದ್ದು. ಅದರ ಬಾಕಿ 32,000 ವಸೂಲಾಗಿದ್ದರೆ ಈಗ ಉಳಿದಿರುವುದರ ಎರಡರಷ್ಟಕ್ಕೂ ಹೆಚ್ಚು ಕೈಯಲ್ಲಿರುತ್ತಿತ್ತು. ಯಕ್ಷಗಾನ ಬಿಟ್ಟು ರಸಮಂಜರಿ ಇಟ್ಟರೆ ಇದು ಸರಿಹೋಗುವುದಿಲ್ಲ. ಹಾಡುಗಾರರು, ವಾದ್ಯದವರು, ದೊಡ್ಡ ಧ್ವನಿವರ್ಧಕ ಎಂದು ಖರ್ಚು ಏರುವುದೇ ಹೆಚ್ಚು.

ಹಾಗಾದರೆ ಎಲ್ಲಿ ಸೋರಿತು? ಹಾಲ್ ಭರ್ತಿ, ಮಾರಿದ ಟಿಕೆಟ್ 410. ಹಾಗಿದ್ದರೆ 190 ಜನ ಗೌರವ ಪ್ರವೇಶದಲ್ಲಿ ಕೂತಿದ್ದಾರೆ. 1,22,000 ಖರ್ಚು ಹುಟ್ಟಲು 407 ಟಿಕೆಟ್ ಹೋಗಬೇಕು. ಅದರಾಚೆ ಮಾರಿದ ಪ್ರತಿ ಟಿಕೆಟಿನ 300 ರೂಪಾಯಿಯೂ ಪೂರ್ತಿ ಉಳಿತಾಯ, ಏಕೆಂದರೆ ಖಾಲಿ ಕುರ್ಚಿಗೂ ತುಂಬಿದ ಕುರ್ಚಿಗೂ ಹಾಲಿನ ಬಾಡಿಗೆ ಒಂದೇ. ನೀವು ಪುಕ್ಕಟೆ ಕೊಟ್ಟದ್ದು ಆ ಲಾಭದ ಕುರ್ಚಿಗಳನ್ನೇ. ಅವುಗಳಲ್ಲಿ ಅರ್ಧ, 95 ಮಾರಿದ್ದರೂ 28,500 ಆಗುತ್ತಿತ್ತು. ಗೌರವ ಪ್ರವೇಶಕ್ಕೆ ಬೇರೆ ಬಣ್ಣದ ಚೀಟಿ ಅಚ್ಚು ಹಾಕಿಸಿ, ಸಂಖ್ಯೆ 30 ದಾಟದಿರಲಿ, ಯಾರಿಗೆ ಕೊಟ್ಟಿರಿ ಎಂಬುದು ಪುಸ್ತಕದಲ್ಲಿ ಇರಲಿ. ಪತ್ರಿಕೆಯವರನ್ನೂ ಆ ಮೂವತ್ತರಲ್ಲೇ ಹಿಡಿಸಿ, ನಮಗೆ ಎರಡು ಸಾಕು.

ಟಿಕೆಟ್ ಪುಸ್ತಕಗಳದ್ದು ಇನ್ನೊಂದು ಗೋಳು. ಸದಸ್ಯರು ಪುಸ್ತಕ ಒಯ್ಯುತ್ತಾರೆ, ಕಾರ್ಯಕ್ರಮದ ದಿನ ‘ನಾಲ್ಕು ಹೋಗಿವೆ, ಮಿಕ್ಕದ್ದು ಮನೆಯಲ್ಲಿದೆ’ ಎನ್ನುತ್ತಾರೆ. ಮನೆಯಲ್ಲಿರುವ ಆ ಟಿಕೆಟ್‌ಗಳೇ ಸಂಜೆ ನೆಂಟರ ಕೈಯಲ್ಲಿ ಬಾಗಿಲಿಗೆ ಬರುತ್ತವೆ. 20 ಹಾಳೆಯ ಪುಸ್ತಕ, ಪ್ರತಿ ಹಾಳೆಗೂ ಅದರ ಪ್ರತಿಗೂ ಒಂದೇ ಕ್ರಮಸಂಖ್ಯೆ, ಪುಸ್ತಕ ಕೊಡುವಾಗಲೇ ಸಹಿ. ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ ಹಣ ಬರಬೇಕು, ಇಲ್ಲವೇ ಟಿಕೆಟ್ ವಾಪಸು ಬರಬೇಕು. ಎರಡೂ ಬಾರದ ಪುಸ್ತಕದ ಸಂಖ್ಯೆಗಳನ್ನು ರದ್ದು ಮಾಡಿ ಬಾಗಿಲಲ್ಲಿ ನಿಂತವರಿಗೆ ಪಟ್ಟಿ ಕೊಡಿ. ವಾಪಸು ಬಂದವು ಕೌಂಟರಿನಲ್ಲಿ ಮಾರಾಟವಾಗುತ್ತವೆ. ಕ್ಯುಆರ್ ಕೋಡ್ ಇಡುವುದಾದರೆ ಅದು ಕ್ಲಬ್ಬಿನ ಬ್ಯಾಂಕ್ ಖಾತೆಯದ್ದೇ ಇರಲಿ. ಖಜಾಂಚಿಯ ಸ್ವಂತ ಫೋನಿಗೆ ಬಿದ್ದ ಹಣ ಎಷ್ಟೇ ಪ್ರಾಮಾಣಿಕವಾಗಿ ದಾಟಿಸಿದರೂ ಮರುವರ್ಷದ ಮಾತಿಗೆ ದಾರಿ. ದರವನ್ನು 500ರ ಒಳಗೇ ಇಡಿ. ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳ ಪ್ರವೇಶಕ್ಕೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ.

ಊಟದ 18,000ವನ್ನು ಎಲೆಗೆ 100ರಂತೆ ಹಿಡಿದರೆ 180 ಎಲೆ. ಮೇಳದವರು, ಮೈಕಿನವರು, ಸ್ವಯಂಸೇವಕರು ಎಲ್ಲ ಸೇರಿದರೂ ಅರುವತ್ತು ದಾಟಲಾರರು. ಉಳಿದ ಎಲೆಗಳು ಸದಸ್ಯರ ಕುಟುಂಬಗಳದ್ದೆಂದು ಊಹಿಸುತ್ತೇವೆ. ಲಯನ್ಸ್ ಸಂಸ್ಥೆಯಲ್ಲಿ ಇದಕ್ಕೊಂದು ಗಟ್ಟಿ ನಿಯಮವಿದೆ. ಸದಸ್ಯರ ಚಂದಾ ಹೋಗುವುದು ಆಡಳಿತ ಖಾತೆಗೆ, ಸಾರ್ವಜನಿಕರಿಂದ ಎತ್ತಿದ್ದು ಸೇವಾ ಖಾತೆಗೆ. ಎರಡನೆಯದರಲ್ಲಿ ಆ ಕಾರ್ಯಕ್ರಮದ ನೇರ ಖರ್ಚು ಕಳೆದು ಮಿಕ್ಕಿದ್ದೆಲ್ಲ ಸಾರ್ವಜನಿಕರಿಗೇ ಸಲ್ಲಬೇಕು. ಯಾವ ಕ್ಲಬ್ಬಾದರೂ ಇದನ್ನು ಪಾಲಿಸುವುದು ಒಳ್ಳೆಯದು. ಕುಟುಂಬದ ಊಟ, ಅಧ್ಯಕ್ಷರಿಗೆ ಶಾಲು, ಹಾರ, ಫಲಕ, ಇವೆಲ್ಲ ಚಂದಾ ಹಣದಿಂದ ಆಗಲಿ. ಟಿಕೆಟ್ ಕೊಂಡವರು ಆಸ್ಪತ್ರೆಗೆಂದು ಕೊಟ್ಟದ್ದು, ಶಾಲಿಗಲ್ಲ.

ಮುಂದಿನ ಸಲ ಟಿಕೆಟ್ ಅಚ್ಚಿಗೆ ಕೊಡುವ ಮೊದಲು ಖರ್ಚಿನ ಬಾಬ್ತುಗಳಿಗೆ ಒಬ್ಬೊಬ್ಬ ಪ್ರಾಯೋಜಕರನ್ನು ಹುಡುಕಿ. ಮೇಳದ ವೀಳ್ಯ (ಸಂಭಾವನೆ) ಒಬ್ಬರದ್ದು, ಹಾಲ್ ಇನ್ನೊಬ್ಬರದ್ದು, ಅಕ್ಕಿ ಗಿರಣಿಯವರದ್ದು, ತರಕಾರಿ ಮಂಡಿಯವರದ್ದು. ‘ಡಯಾಲಿಸಿಸ್‌ಗೆ ಏನಾದರೂ ಕೊಡಿ’ ಎಂದರೆ ಐನೂರು ಕೊಡುವ ಅಂಗಡಿಯವರು ‘ಇಂದಿನ ಮೈಕ್, ಲೈಟು ಇವರ ಕೊಡುಗೆ’ ಎಂದು ವೇದಿಕೆಯಲ್ಲಿ ಹೇಳುತ್ತೇವೆ ಎಂದರೆ ಹತ್ತು ಸಾವಿರಕ್ಕೂ ಒಪ್ಪುತ್ತಾರೆ. ಖರ್ಚಿನ ಮುಕ್ಕಾಲು ಪಾಲಾದರೂ ಹೀಗೆ ಹುಟ್ಟುವವರೆಗೆ ದಿನಾಂಕ ಪ್ರಕಟಿಸಬೇಡಿ.

ಇನ್ನು ಸಂಚಿಕೆ. ನೀವು ಕಳಿಸಿದ ಪ್ರತಿಯಲ್ಲಿ ಜಾಹೀರಾತಿನ ಪುಟ 36. ಉಳಿದ 28ರಲ್ಲಿ ಶುಭ ಸಂದೇಶ, ಪದಾಧಿಕಾರಿಗಳ ಭಾವಚಿತ್ರ, ಹಿಂದಿನ ಅಧ್ಯಕ್ಷರ ಪಟ್ಟಿ, ವರದಿ. ಪುಟವೊಂದಕ್ಕೆ ಸುಮಾರು 563 ರೂಪಾಯಿ ಬಿದ್ದಿದೆ, ಆ 28 ಪುಟಗಳಿಗೆ 15,750. ಮುದ್ರಣ ನಡೆಯುವುದು 16 ಪುಟದ ಫಾರಂ ಲೆಕ್ಕದಲ್ಲಿ. 64 ಎಂದರೆ ನಾಲ್ಕು ಫಾರಂ. ಜಾಹೀರಾತಿನ 36ಕ್ಕೆ ಓದುವಂಥ 12 ಪುಟ ಸೇರಿಸಿದರೆ 48, ಸರಿಯಾಗಿ ಮೂರು ಫಾರಂ. ಒಂದು ಫಾರಂ ಹೆಚ್ಚಿಸಿದ್ದು ಸಂದೇಶಗಳೇ. ಸಚಿವರ, ಶಾಸಕರ ಸಂದೇಶಗಳನ್ನು ಒಂದೇ ಪುಟದಲ್ಲಿ ನಾಲ್ಕಾಗಿ ಹಾಕಿ, ಯಾರೂ ಬೇಸರಿಸುವುದಿಲ್ಲ, ಏಕೆಂದರೆ ಯಾರೂ ಓದುವುದಿಲ್ಲ.

ಬಾಕಿಗೆ ಮದ್ದು ಒಂದೇ. ಆರ್ಡರ್ ಫಾರಂ ಜೊತೆಗೇ ಹಣ. ‘ಸಂಚಿಕೆ ಬಂದ ಮೇಲೆ ಕೊಡುತ್ತೇವೆ’ ಎಂದವರ ಜಾಹೀರಾತು ಮುದ್ರಣಾಲಯಕ್ಕೆ ಹೋಗಕೂಡದು. ತಮ್ಮ ಹೆಸರು ಅಚ್ಚಾದ ಮೇಲೆ ಯಾರಿಗೂ ಅವಸರವಿರುವುದಿಲ್ಲ, ಅಕ್ಷರ ತಪ್ಪಾಗಿದೆ ಎಂಬ ನೆಪವೂ ಸಿಗುತ್ತದೆ. ಹಾಗಾಗಿ ಕರಡು ತೋರಿಸಿ ಸಹಿ ಪಡೆಯಿರಿ. ಜಾಹೀರಾತು ಕೊಟ್ಟವರಿಗೆ ಬಿಲ್ ಕೊಡಿ, ದಾನದ ರಸೀದಿ ಬೇಡ. ವ್ಯಾಪಾರಿಗೆ ಅದು ಜಾಹೀರಾತು ಖರ್ಚಾಗಿ ಲೆಕ್ಕಕ್ಕೆ ಬರುತ್ತದೆ, ಅವರಿಗೆ 80ಜಿ ಬೇಕಾಗಿಯೇ ಇಲ್ಲ.

ಲಕ್ಕಿ ಡಿಪ್ ಕೈಬಿಡಿ. ಹಣ ಕೊಟ್ಟು ಕೂಪನ್ ಕೊಂಡು, ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಪ್ರವೇಶದ ಟಿಕೆಟ್ ಸಂಖ್ಯೆಗೇ ಬಹುಮಾನ ಕಟ್ಟಿದರೂ ಅದು ದುಡ್ಡು ಕೊಟ್ಟು ಕೊಂಡ ಚೀಟಿಯೇ. ‘ಎಲ್ಲರೂ ಮಾಡುತ್ತಾರೆ’ ಎಂಬುದು ಯಾರೋ ಒಬ್ಬರು ದೂರು ಕೊಡುವವರೆಗೆ ನಡೆಯುತ್ತದೆ. ಅದರ ಬದಲು ಹರಾಜು ಹಾಕಿ. ಊರಿನವರು ಕೊಟ್ಟ ಜೇನು, ಅಡಿಕೆ, ಕಾಳುಮೆಣಸು, ಮೊದಲ ಫಸಲಿನ ಬಾಳೆಗೊನೆಯನ್ನು ಮಧ್ಯದಲ್ಲಿ ಹದಿನೈದು ನಿಮಿಷ ಸವಾಲಿಗಿಟ್ಟರೆ ಮಲೆನಾಡಿನ ಜನಕ್ಕೆ ಹುಮ್ಮಸ್ಸು ಬರುತ್ತದೆ. ಅದು ಶುದ್ಧ ಮಾರಾಟ. ಕೂಗುವವರು ಮಾತುಗಾರರಿರಲಿ, ಹತ್ತು ವಸ್ತುವಿಗಿಂತ ಹೆಚ್ಚು ಬೇಡ, ಹಣ ಅಲ್ಲೇ ಕಟ್ಟಬೇಕು.

ರಸಮಂಜರಿಯಲ್ಲಿ ಇನ್ನೊಂದು ಖರ್ಚು ಅಡಗಿದೆ. ಸಿನಿಮಾ ಹಾಡುಗಳನ್ನು ವೇದಿಕೆಯಲ್ಲಿ ಹಾಡಿಸಲು ಕೃತಿಸ್ವಾಮ್ಯದ ಲೈಸೆನ್ಸ್ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹವ್ಯಾಸಿ ಸಂಘಗಳಿಗೆ ವಿನಾಯಿತಿ ಕೊಟ್ಟಿರುವುದು ಪ್ರೇಕ್ಷಕರಿಂದ ಹಣ ಪಡೆಯದ ಪ್ರದರ್ಶನಕ್ಕೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಪ್ರದರ್ಶನಕ್ಕೆ. ಆಸ್ಪತ್ರೆಗೆಂದು ಟಿಕೆಟ್ ಇಟ್ಟ ಕಾರ್ಯಕ್ರಮ ಎರಡಕ್ಕೂ ಸೇರುವುದಿಲ್ಲ. ಯಕ್ಷಗಾನದಲ್ಲೂ ಈಗಿನ ಕವಿಗಳ ಪ್ರಸಂಗವಾದರೆ ಅವರ ಒಪ್ಪಿಗೆ ಕೇಳಿಕೊಳ್ಳಿ. ಹಳೆಯ ಪೌರಾಣಿಕ ಪ್ರಸಂಗಗಳಿಗೆ ಆ ತೊಡಕಿಲ್ಲ.

80ಜಿ ಎಂದು ಟಿಕೆಟ್ ಮೇಲೆ ಹಾಕಲೇಬೇಡಿ. ಟಿಕೆಟ್ ಕೊಂಡವರಿಗೆ ಪ್ರತಿಯಾಗಿ ಆಟ ಸಿಕ್ಕಿದೆ, ಅದು ದಾನವಲ್ಲ. ದಾನ ಬೇರೆಯಾಗಿ ಪಡೆಯುವುದಾದರೂ ನಿಮ್ಮ ಕ್ಲಬ್ಬಿಗೋ ಅದರ ಟ್ರಸ್ಟಿಗೋ 80ಜಿ ಅನುಮೋದನೆ ಇರಬೇಕು. 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ, ಅಥವಾ ಅಕ್ಕಿ, ಕಂಬಳಿಯಂಥ ವಸ್ತುರೂಪದಲ್ಲಿ ಕೊಟ್ಟರೆ ವಿನಾಯಿತಿ ಇಲ್ಲ. ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಸಂಖ್ಯೆ, ಮೊತ್ತ ಎಲ್ಲವನ್ನೂ ಆರ್ಥಿಕ ವರ್ಷ ಮುಗಿದ ಮೇಲಿನ ಮೇ 31ರೊಳಗೆ 10ಬಿಡಿ ಫಾರಂನಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕೆಂಬ ಪದ್ಧತಿ 2021-22ರಿಂದ ಬಂದಿದೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಬರೀ ರಸೀದಿ ಹಿಡಿದುಕೊಂಡ ದಾನಿಗೆ ಏನೂ ಸಿಗದು, ಆಗ ಬೈಗುಳ ಮಾತ್ರ ನಿಮಗೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಈ ಕಡಿತವೇ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಸೆಕ್ಷನ್, ಫಾರಂಗಳ ಸಂಖ್ಯೆಯನ್ನು ಆಡಿಟರ್ ಬಳಿ ಮತ್ತೆ ಕೇಳಿಕೊಳ್ಳಿ.

ವಿದೇಶದ ಮಕ್ಕಳ ವಿಷಯದಲ್ಲಿ ನೋಡಬೇಕಾದದ್ದು ಊರನ್ನಲ್ಲ, ಪಾಸ್‌ಪೋರ್ಟನ್ನು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುತ್ತಿರುವ ಮಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದ ಮಗಳು ಕೊಟ್ಟರೆ, ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಕ್ಲಬ್ ಅದನ್ನು ಮುಟ್ಟುವಂತಿಲ್ಲ. ಅಪ್ಪನ ಖಾತೆಗೆ ಹಾಕಿಸಿ ಕ್ಲಬ್ಬಿಗೆ ತಿರುಗಿಸುವ ಉಪಾಯವೂ ಬೇಡ.

ಕೊನೆಗೆ ಡಯಾಲಿಸಿಸ್. ನಿಮ್ಮ ಲೆಕ್ಕಕ್ಕಿಂತ ಇದರ ಬಗ್ಗೆಯೇ ನಮಗೆ ಹೆಚ್ಚು ಆತಂಕ. ಯಂತ್ರ ಕೊಡಿಸಿದರೆ ಕೆಲಸ ಮುಗಿಯುವುದಿಲ್ಲ. ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ, ನಾಲ್ಕು ಗಂಟೆ, ಅಂದರೆ ಒಬ್ಬ ರೋಗಿಗೆ ಒಂದು ಸಲಕ್ಕೆ 120 ಲೀಟರ್. ಅದಕ್ಕೆ ಬೇಕಾದ ನೀರು ಆರ್‌ಒ ಘಟಕದಿಂದ ಬರಬೇಕು. ಶುದ್ಧೀಕರಣದಲ್ಲಿ ಹೊರಹೋಗುವ ನೀರು, ಯಂತ್ರ ತೊಳೆಯುವ ನೀರು ಬೇರೆ. ಘಟಕದ ಸಾಮರ್ಥ್ಯ ಈಗಿರುವ ಯಂತ್ರಗಳಿಗೇ ಮುಗಿದಿದ್ದರೆ ನಿಮ್ಮ ಯಂತ್ರ ಪ್ಲಾಸ್ಟಿಕ್ ಹೊದಿಕೆಯಲ್ಲೇ ಕೂರುತ್ತದೆ. ತಂತ್ರಜ್ಞರು, ರಕ್ತ ಸೋಸುವ ಡಯಾಲೈಸರ್ ಮತ್ತು ರಕ್ತದ ಕೊಳವೆಗಳು, ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದ, ವಿದ್ಯುತ್ ಹೋದಾಗ ಯುಪಿಎಸ್, ಇವಕ್ಕೆಲ್ಲ ಯಾರು ಹೊಣೆ ಎಂದು ಮುಖ್ಯ ವೈದ್ಯಾಧಿಕಾರಿಗಳಿಂದ ಮೊದಲು ಲಿಖಿತವಾಗಿ ಪಡೆಯಿರಿ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2016ರಿಂದ ಇದೆ. ಎಷ್ಟೋ ಕಡೆ ರೋಗಿಗೆ ಅಡ್ಡಿಯಾಗಿರುವುದು ಚಿಕಿತ್ಸೆಯ ಶುಲ್ಕವಲ್ಲ, ಅಲ್ಲಿಗೆ ಹೋಗಿಬರುವ ಖರ್ಚು.

ವಾರಕ್ಕೆ ಎರಡು ಸಲವೆಂದರೆ ವರ್ಷಕ್ಕೆ 104 ಓಡಾಟ. ಹೋಗಿಬರಲು 100 ರೂಪಾಯಿ ಬಸ್ ಚಾರ್ಜ್ ಎಂದುಕೊಂಡರೆ 10,400. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಗಂಡಸು ರೋಗಿಗಳಿಗೆ ಇದೆ, ಖಾಸಗಿ ಬಸ್ಸಷ್ಟೇ ಓಡುವ ಹಳ್ಳಿಗಳಲ್ಲಿ ಎಲ್ಲರಿಗೂ ಇದೆ. ನಿಮ್ಮ ಕೈಯಲ್ಲಿರುವ 23,000 ಇಬ್ಬರು ರೋಗಿಗಳ ಇಡೀ ವರ್ಷದ ಬಸ್ ಚಾರ್ಜ್. ಯಂತ್ರಕ್ಕೆಂದು ಪಡೆದ ಹಣವನ್ನು ಇದಕ್ಕೆ ತಿರುಗಿಸುವುದಾದರೆ ಸಭೆಯಲ್ಲಿ ಠರಾವು ಮಾಡಿ, ಆಸ್ಪತ್ರೆಯ ಪತ್ರದ ಪ್ರತಿ ಸಮೇತ ಜಾಹೀರಾತುದಾರರಿಗೂ ದಾನಿಗಳಿಗೂ ತಿಳಿಸಿ, ನೋಟಿಸ್ ಬೋರ್ಡಿನಲ್ಲೂ ಹಾಕಿ.

ದಿನಾಂಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಸಿಗುವುದು ಸುಲಭ, ಹಾಗಾಗಿ ಜೂನ್ ಆರಿಸಿದ್ದೀರಿ. ಆದರೆ ಜುಲೈ 1ಕ್ಕೆ ಕ್ಲಬ್ಬುಗಳಲ್ಲಿ ಪದಾಧಿಕಾರಿಗಳು ಬದಲಾಗುತ್ತಾರೆ. ಹಳೆಯ ತಂಡಕ್ಕೆ ಬಾಕಿ ಕೇಳುವ ಅಧಿಕಾರ ಇರುವುದಿಲ್ಲ, ಹೊಸ ತಂಡಕ್ಕೆ ಆಸಕ್ತಿ ಇರುವುದಿಲ್ಲ. ನಿಮ್ಮ 32,000 ಅಲ್ಲೇ ಸಿಕ್ಕಿಹಾಕಿಕೊಂಡಿರಬೇಕು. ಅದೇ ಆಟವನ್ನು ಆಗಸ್ಟ್ ಕೊನೆಯ ಶನಿವಾರ ಇಡಿ, ಸಂಜೆ ಐದಕ್ಕೆ ಶುರುವಾಗಿ ಹಳ್ಳಿಗಳ ಕೊನೆ ಬಸ್ಸಿಗೆ ಮುಂಚೆ ಮುಗಿಯುವ ಕಾಲಮಿತಿ ಪ್ರಯೋಗವಾಗಿ. ವಸೂಲಿಗೆ ಅದೇ ತಂಡಕ್ಕೆ ಹತ್ತು ತಿಂಗಳು ಸಿಗುತ್ತದೆ. ಈ ವರ್ಷದ ಬಾಕಿಗೆ ಮಾತ್ರ ಹಿಂದಿನ ಖಜಾಂಚಿ ಮತ್ತು ಈಗಿನ ಖಜಾಂಚಿ ಇಬ್ಬರೂ ಜೊತೆಯಾಗಿ, ಸಹಿ ಮಾಡಿದ ಆರ್ಡರ್ ಫಾರಂ ಹಿಡಿದು ಅಂಗಡಿಗಳಿಗೆ ಹೋಗಲಿ.